ಹುಳಿಗೋಸು: ಒಲೆಯಿಲ್ಲದ ಅಡುಗೆ

ಬೆಳೆ ಕೈಗೆ ಬರುವುದು ವರ್ಷದಲ್ಲಿ ಒಂದೋ ಎರಡೋ ಸಲ. ಹಸಿವಾದರೋ ದಿನಕ್ಕೆರಡು ಸಲ ತಪ್ಪದೆ ಬರುತ್ತದೆ. ಈ ಅಂತರವನ್ನು ದಾಟುವುದಕ್ಕಾಗಿ ಮಾನವನು ಅನಾದಿಕಾಲದಿಂದಲೂ ಅನೇಕ ಉಪಾಯಗಳನ್ನು ಕಂಡುಕೊಂಡಿದ್ದಾನೆ. ಕಾಳನ್ನು ಬಿಸಿಲಿಗೆ ಒಣಗಿಸಿದನು. ಮಾವಿನ ಮಿಡಿಗೆ ಉಪ್ಪು ಹಾಕಿದನು. ಹಣ್ಣನ್ನು ಸಕ್ಕರೆಯ ಪಾಕದಲ್ಲಿ ಅದ್ದಿಟ್ಟನು. ಈ ಉಪಾಯಗಳು ಬಹುಮಟ್ಟಿಗೆ ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳನ್ನು ದೂರವಿಡಲು ಯತ್ನಿಸುತ್ತವೆ. ಇವುಗಳಿಗಿಂತ ಭಿನ್ನವಾದುದು ಹುದುಗಿಸುವ ಉಪಾಯ. ಇಲ್ಲಿ ಹಿತಕರವಾದ ಸೂಕ್ಷ್ಮಜೀವಿಗಳಿಗೆ ಆಹಾರದೊಳಗೇ ಇಂಬು ಕೊಟ್ಟು, ಕೆಡಿಸುವವುಗಳನ್ನು ಅವುಗಳಿಂದಲೇ ಹೊರದೂಡಿಸಲಾಗುತ್ತದೆ. ಹಾಲು ಮೊಸರಾಗುವುದು ಈ ಕ್ರಿಯೆಯಿಂದ. ಯುರೋಪಿನ ಮನೆಗಳಲ್ಲಿ ಎಲೆಕೋಸು ಚಳಿಗಾಲದುದ್ದಕ್ಕೂ ಉಳಿದುಬರುತ್ತಿದ್ದುದೂ ಇದೇ ಕ್ರಿಯೆಯಿಂದ. ಕೋಸು ಮತ್ತು ಉಪ್ಪು ಎಂಬ ಎರಡೇ ಪದಾರ್ಥಗಳಿಂದ, ಬೆಂಕಿಯ ನೆರವಿಲ್ಲದೆ ಆಗುವ ಈ ಅಡುಗೆಯ ಇತಿಹಾಸ, ಅದರ ಹಿಂದಿರುವ ವಿಜ್ಞಾನ ಮತ್ತು ಮನೆಯಲ್ಲಿ ಅದನ್ನು ಮಾಡುವ ಕ್ರಮ, ಇವುಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಹೆಸರು ಮತ್ತು ನೆಲೆ

ಜರ್ಮನ್ ಭಾಷೆಯಲ್ಲಿ ಈ ಪದಾರ್ಥವನ್ನು 'ಸೌರ್‌ಕ್ರೌಟ್' ಎನ್ನುತ್ತಾರೆ. 'ಸೌರ್' ಎಂದರೆ ಹುಳಿ. 'ಕ್ರೌಟ್' ಎಂದರೆ ಸೊಪ್ಪು ಅಥವಾ ಕೋಸು. ಕನ್ನಡದಲ್ಲಿ ಇದನ್ನು 'ಹುಳಿಗೋಸು' ಎಂದು ಕರೆದರೆ ಅರ್ಥಕ್ಕೆ ಊನ ಬಾರದು. ಜರ್ಮನಿಗೆ ತಾಗಿಕೊಂಡಿರುವ ಫ್ರಾನ್ಸಿನ ಅಲ್ಸಾಸ್ ಪ್ರಾಂತದಲ್ಲಿ ಈ ಹೆಸರೇ ಮಾರ್ಪಟ್ಟು ಫ್ರೆಂಚಿನಲ್ಲಿ 'ಶುಕ್ರೂತ್' ಆಯಿತು. ಪೋಲೆಂಡ್, ರಷ್ಯಾ ಮೊದಲಾದ ದೇಶಗಳಲ್ಲಿಯೂ ಇದು ಮನೆಮನೆಯ ಪದಾರ್ಥ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಜರ್ಮನ್ ಹೆಸರುಗಳ ಮೇಲೆ ಸಿಟ್ಟು ಹುಟ್ಟಿದಾಗ ಇದನ್ನು 'ಸ್ವಾತಂತ್ರ್ಯದ ಕೋಸು' ಎಂದು ಕರೆದದ್ದುಂಟು. ಹೆಸರು ಬದಲಾಯಿತೇ ಹೊರತು ರುಚಿ ಬದಲಾಗಲಿಲ್ಲ.

ಪೂರ್ವ ಏಷ್ಯದ ಕೊರಿಯಾ ದೇಶದಲ್ಲಿ ಇದರ ಸೋದರ ಪದಾರ್ಥವೊಂದಿದೆ. ಅದೇ 'ಕಿಮ್ಚಿ'. ಅಲ್ಲಿ ಉದ್ದನೆಯ ಚೀನೀ ಕೋಸನ್ನು ಉಪ್ಪಿನಲ್ಲಿ ನೆನೆಸಿ, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ಮುಂತಾದವುಗಳನ್ನು ಎಲೆಯೆಲೆಗೂ ಹಚ್ಚಿ ಹುದುಗಿಸುತ್ತಾರೆ. ಚಳಿಗಾಲಕ್ಕೆ ಮುಂಚೆ ನೆರೆಹೊರೆಯವರು ಒಂದೆಡೆ ಸೇರಿ ರಾಶಿ ರಾಶಿ ಕಿಮ್ಚಿ ಮಾಡಿ ಹಂಚಿಕೊಳ್ಳುವ 'ಕಿಮ್‌ಜಾಂಗ್' ಎಂಬ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ 2013ರಲ್ಲಿ ಸೇರಿಸಿತು. ಮಸಾಲೆಯನ್ನು ಬದಿಗಿರಿಸಿ ನೋಡಿದರೆ ಹುಳಿಗೋಸಿನ ತತ್ವವೂ ಕಿಮ್ಚಿಯ ತತ್ವವೂ ಒಂದೇ ಆಗಿವೆ.

ಎಲೆಕೋಸಿನ ಮೂಲ ಸಸ್ಯ ಯುರೋಪಿನ ಕಡಲತೀರಗಳಲ್ಲಿ ಬೆಳೆಯುವ ಒಂದು ಕಾಡುಗಿಡ. ಜರ್ಮನಿಯಲ್ಲಿ ಕೋಸಿನ ದೊಡ್ಡ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಸ್ಟುಟ್‌ಗಾರ್ಟ್ ನಗರದ ದಕ್ಷಿಣಕ್ಕಿರುವ ಫಿಲ್ಡರ್ ಎಂಬ ಬಯಲಿನಲ್ಲಿ ಬೆಳೆಯುವ ಚೂಪುತುದಿಯ ಕೋಸು ಈ ಕೆಲಸಕ್ಕೆ ಹೆಸರುವಾಸಿಯಾಗಿದೆ. ಕೊಯ್ಲು ಮುಗಿದ ಕೆಲವೇ ವಾರಗಳಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಮುಂದೆ ವಸಂತ ಬರುವವರೆಗೆ ತೋಟದಲ್ಲಿ ಹಸಿರು ಸಿಕ್ಕುವುದು ದುರ್ಲಭ. ಹೀಗಿರಲಾಗಿ, ಹಿಂದಿನ ಕಾಲದ ಗೃಹಿಣಿಯು ಕೊಯ್ಲಿನ ವೇಳೆಯಲ್ಲಿ ನೆಲಮಾಳಿಗೆಯ ಪೀಪಾಯಿಯನ್ನು ಕೋಸಿನಿಂದ ತುಂಬಿಸಿಡದಿದ್ದರೆ, ಆ ಮನೆಯವರು ನಾಲ್ಕೈದು ತಿಂಗಳು ಧಾನ್ಯ, ಗೆಡ್ಡೆ ಮತ್ತು ಉಪ್ಪಿಟ್ಟ ಮಾಂಸಗಳಿಂದಲೇ ದಿನ ಕಳೆಯಬೇಕಾಗುತ್ತಿತ್ತು. ಅದರ ಫಲ ಏನೆಂಬುದನ್ನು ಭೂಮಿಗಿಂತ ಸಮುದ್ರವೇ ಹೆಚ್ಚು ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಹಡಗಿನಲ್ಲಿ ಹುಳಿಗೋಸು

ತಿಂಗಳುಗಟ್ಟಲೆ ದಡ ಕಾಣದೆ ಸಾಗುತ್ತಿದ್ದ ನಾವಿಕರನ್ನು ಬಿರುಗಾಳಿಗಿಂತಲೂ ಶತ್ರುವಿಗಿಂತಲೂ ಹೆಚ್ಚಾಗಿ ಕೊಲ್ಲುತ್ತಿದ್ದುದು 'ಸ್ಕರ್ವಿ' ಎಂಬ ರೋಗ. ಒಸಡುಗಳು ಬಾತು ರಕ್ತ ಒಸರುವುದು, ಹಲ್ಲು ಸಡಿಲವಾಗುವುದು, ಮಾಯ್ದ ಹಳೆಯ ಗಾಯಗಳು ಮತ್ತೆ ಬಿಚ್ಚಿಕೊಳ್ಳುವುದು, ಕೊನೆಗೆ ಮರಣ. ಇದು ಆ ರೋಗದ ಗತಿ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡನು 1747ರಲ್ಲಿ 'ಸಾಲ್ಸ್‌ಬರಿ' ಎಂಬ ಹಡಗಿನಲ್ಲಿ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಚಿಕಿತ್ಸೆ ನಡೆಸಿದನು. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗನೆ ಚೇತರಿಸಿಕೊಂಡರು. ಆದರೆ ಹಣ್ಣು ಹಡಗಿನಲ್ಲಿ ಬಹುಕಾಲ ನಿಲ್ಲುವ ವಸ್ತುವಲ್ಲ. ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕೆಡದೆ ನಿಲ್ಲುವ ಹಸಿರು ಯಾವುದಾದರೂ ಬೇಕಾಗಿತ್ತು.

1768ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ಕನು 'ಎಂಡೆವರ್' ಹಡಗಿನಲ್ಲಿ ಶಾಂತಸಾಗರಕ್ಕೆ ಹೊರಟಾಗ ಅವನ ಉಗ್ರಾಣಕ್ಕೆ 7,860 ಪೌಂಡು, ಅಂದರೆ ಮೂರೂವರೆ ಸಾವಿರ ಕಿಲೋಗ್ರಾಂಗಳಿಗೂ ಮಿಕ್ಕ ಹುಳಿಗೋಸನ್ನು ತುಂಬಲಾಗಿತ್ತು. ನಾವಿಕರು ಮೊದಲು ಅದನ್ನು ಮುಟ್ಟಲೊಲ್ಲದೆ ಹೋದರು. ಕುಕ್ಕನು ಬಲಾತ್ಕರಿಸಲಿಲ್ಲ. ತನ್ನ ಮತ್ತು ಅಧಿಕಾರಿಗಳ ಊಟದಲ್ಲಿ ದಿನವೂ ಅದನ್ನು ಬಡಿಸಬೇಕೆಂದು ಆಜ್ಞಾಪಿಸಿ, ಉಳಿದವರು ಬೇಕಾದರೆ ತಿನ್ನಲಿ, ಬೇಡವಾದರೆ ಬಿಡಲಿ ಎಂದು ಸುಮ್ಮನಾದನು. ಮೇಲಿನವರು ಆದರಿಸುವ ವಸ್ತುವನ್ನು ಕೆಳಗಿನವರು ತಾವಾಗಿಯೇ ಬಯಸುತ್ತಾರೆ ಎಂಬುದನ್ನು ಅವನು ಬಲ್ಲವನಾಗಿದ್ದನು. ಒಂದು ವಾರ ಕಳೆಯುವುದರೊಳಗೆ ಬೇಡಿಕೆ ಎಷ್ಟಾಯಿತೆಂದರೆ, ಎಲ್ಲರಿಗೂ ಇಂತಿಷ್ಟೇ ಎಂದು ಅಳೆದು ಕೊಡಬೇಕಾಯಿತು. ಈ ಸಂಗತಿಯನ್ನು ಕುಕ್ಕನು 1769ರ ಏಪ್ರಿಲ್ ತಿಂಗಳಿನ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಯಾತ್ರೆಯಲ್ಲಿ ಸ್ಕರ್ವಿಯಿಂದ ಯಾರೂ ಸಾಯಲಿಲ್ಲ. ನಾವಿಕರ ಆರೋಗ್ಯರಕ್ಷಣೆಯ ಕುರಿತು ಅವನು ಬರೆದ ಲೇಖನಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯು 1776ರಲ್ಲಿ ಕೋಪ್ಲಿ ಪದಕವನ್ನು ನೀಡಿ ಗೌರವಿಸಿತು.

ಈ ಯಶಸ್ಸು ಹುಳಿಗೋಸೊಂದಕ್ಕೇ ಸಲ್ಲತಕ್ಕದ್ದಲ್ಲ. ಕುಕ್ಕನು ದಡ ಸೇರಿದಲ್ಲೆಲ್ಲ ಹಸಿ ಸೊಪ್ಪು, ಹಣ್ಣುಗಳನ್ನು ತರಿಸಿ ತಿನ್ನಿಸುತ್ತಿದ್ದನು. ಮೊಳಕೆ ಬಾರ್ಲಿಯ ಕಷಾಯವನ್ನೂ ಅವನು ಹೊಗಳಿದ್ದುಂಟು. ಅದರಿಂದ ಸ್ಕರ್ವಿಗೆ ಪ್ರಯೋಜನವಿಲ್ಲವೆಂದು ಅನಂತರ ಗೊತ್ತಾಯಿತು. ರೋಗದ ನಿಜವಾದ ಕಾರಣ ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ 1928ರಲ್ಲಿ ಪ್ರಾಣಿಗಳ ಗ್ರಂಥಿಯಿಂದಲೂ, ಕಿತ್ತಳೆ ಮತ್ತು ಎಲೆಕೋಸುಗಳಿಂದಲೂ ಒಂದು ಪದಾರ್ಥವನ್ನು ಬೇರ್ಪಡಿಸಿದರು. ಅದೇ 'ಸಿ' ಜೀವಸತ್ವವೆಂದು 1932ರಲ್ಲಿ ಸಿದ್ಧವಾಯಿತು. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನೂರು ಗ್ರಾಂ ಹಸಿ ಎಲೆಕೋಸಿನಲ್ಲಿ ಈ ಜೀವಸತ್ವ ಸುಮಾರು 36 ಮಿಲಿಗ್ರಾಂ ಇರುತ್ತದೆ. ಗಾಳಿ ಮತ್ತು ಶಾಖ ಅದರ ಶತ್ರುಗಳು. ಆಮ್ಲ ಅದರ ಮಿತ್ರ. ಹುಳಿಗೋಸಿನ ಪೀಪಾಯಿಯಲ್ಲಿ ಗಾಳಿಯಿಲ್ಲ, ಬೆಂಕಿಯಿಲ್ಲ, ಆಮ್ಲವುಂಟು. ಆದಕಾರಣ ಜೀವಸತ್ವದ ಒಂದು ಪಾಲು ನಷ್ಟವಾದರೂ, ರೋಗವನ್ನು ತಡೆಯಲು ಬೇಕಾದಷ್ಟು ಉಳಿಯುತ್ತದೆ. ಪೀಪಾಯಿಯನ್ನು ತುಂಬಿಸಿದ ಗೃಹಿಣಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಆದರೂ ಮನೆಯವರನ್ನು ಆಕೆ ಕಾಪಾಡಿದಳು.

ಭರಣಿಯೊಳಗಿನ ಸರದಿ

ಎಲೆಕೋಸಿನ ನೂರು ಭಾಗಗಳಲ್ಲಿ ಸುಮಾರು 92 ಭಾಗ ನೀರು, ಮೂರು ನಾಲ್ಕು ಭಾಗ ಸಕ್ಕರೆ. ಹೊಲದಿಂದ ಬಂದ ಕೋಸಿನ ಎಲೆಗಳ ಮೇಲೆ ಬಗೆಬಗೆಯ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಕೊಳೆಸುವವು ಬಹಳ. ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವ ಹಿತಕಾರಿ ಬ್ಯಾಕ್ಟೀರಿಯಗಳು ಅತ್ಯಲ್ಪ. ಈ ಅಲ್ಪಸಂಖ್ಯೆಯವು ಗೆಲ್ಲುವಂತೆ ಮಾಡುವುದೇ ಹುಳಿಗೋಸಿನ ರಹಸ್ಯ. ಮೊಸರಿಗೆ ಹೆಪ್ಪು ಹಾಕುವಂತೆ ಇಲ್ಲಿ ಏನನ್ನೂ ಹಾಕುವುದಿಲ್ಲ. ಹೆಪ್ಪು ಕೋಸಿನಲ್ಲಿಯೇ ಇರುತ್ತದೆ.

ಗೆಲುವಿಗೆ ಎರಡು ಸಾಧನಗಳು ನೆರವಾಗುತ್ತವೆ. ಮೊದಲನೆಯದು ಉಪ್ಪು. ಹೆಚ್ಚಿದ ಕೋಸಿಗೆ ಉಪ್ಪು ಬೆರೆಸಿದಾಗ ಎಲೆಯ ಜೀವಕೋಶಗಳೊಳಗಿನ ನೀರು ಸಕ್ಕರೆಯ ಸಮೇತ ಹೊರಕ್ಕೆ ಬರುತ್ತದೆ. ಬ್ಯಾಕ್ಟೀರಿಯಗಳಿಗೆ ಆಹಾರ ಸಿದ್ಧವಾಗುತ್ತದೆ. ಕೊಳೆಸುವ ಜೀವಿಗಳಲ್ಲಿ ಅನೇಕವು ಆ ಉಪ್ಪನ್ನು ತಾಳಲಾರವು, ಹಿತಕಾರಿಗಳು ತಾಳಬಲ್ಲವು. ಎಲೆ ಮೆತ್ತಗಾಗದೆ ಗರಿಗರಿಯಾಗಿ ಉಳಿಯುವುದೂ ಉಪ್ಪಿನಿಂದಲೇ. ಎರಡನೆಯ ಸಾಧನ ಗಾಳಿಯ ಅಭಾವ. ಬೂಷ್ಟಿಗೆ ಗಾಳಿ ಬೇಕು. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳಿಗೆ ಬೇಕಾಗಿಲ್ಲ. ಆದ್ದರಿಂದ ಕೋಸು ಸದಾಕಾಲವೂ ತನ್ನ ರಸದಲ್ಲಿ ಮುಳುಗಿರತಕ್ಕದ್ದು.

ಇಷ್ಟಾದ ಮೇಲೆ ಭರಣಿಯೊಳಗೆ ಒಂದು ಸರದಿ ಆರಂಭವಾಗುತ್ತದೆ. ಮೊದಲು ಎದ್ದು ನಿಲ್ಲುವುದು 'ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್' ಎಂಬ ಬ್ಯಾಕ್ಟೀರಿಯ. ಅದು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ, ಅಸೆಟಿಕ್ ಆಮ್ಲ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿ ಮಾರ್ಪಡಿಸುತ್ತದೆ. ಮೊದಲ ದಿನಗಳಲ್ಲಿ ಭರಣಿಯಲ್ಲಿ ಗುಳ್ಳೆಗಳು ಏಳುವುದು ಈ ಅನಿಲದಿಂದ. ಅದು ಒಳಗಿದ್ದ ಗಾಳಿಯನ್ನೂ ಹೊರಕ್ಕೆ ತಳ್ಳುತ್ತದೆ. ಆಮ್ಲ ಹೆಚ್ಚುತ್ತ ಹೋದಂತೆ ಅದನ್ನು ತಯಾರಿಸಿದ ಜೀವಿಗೇ ಅದು ಸಹಿಸಲಾಗದೆ ಹೋಗುತ್ತದೆ. ಕೆಲವು ದಿನಗಳಲ್ಲಿ ಲ್ಯೂಕೊನಾಸ್ಟಾಕ್ ಹಿಂದೆ ಸರಿಯುತ್ತದೆ. ಹುಳಿಯನ್ನು ಹೆಚ್ಚಾಗಿ ತಾಳಬಲ್ಲ 'ಲ್ಯಾಕ್ಟೊಬ್ಯಾಸಿಲಸ್ ಬ್ರೆವಿಸ್' ಮತ್ತು 'ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್' ಎಂಬವು ಕೆಲಸವನ್ನು ಮುಂದುವರಿಸುತ್ತವೆ. ಉಳಿದ ಸಕ್ಕರೆಯನ್ನು ಮುಗಿಸಿ ಆಮ್ಲವನ್ನು ಪೂರ್ಣಪ್ರಮಾಣಕ್ಕೆ ಏರಿಸುವುದು ಮುಖ್ಯವಾಗಿ ಪ್ಲಾಂಟಾರಮ್‌ನ ಕೆಲಸ. ಹಳೆಯ ಪಠ್ಯಪುಸ್ತಕಗಳಲ್ಲಿರುವ ಈ ಎರಡು ಹೆಸರುಗಳು 2020ರಲ್ಲಿ ಬದಲಾದವು. ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು ಹಲವು ಕುಲಗಳಾಗಿ ಒಡೆದಾಗ ಇವು 'ಲೆವಿಲ್ಯಾಕ್ಟೊಬ್ಯಾಸಿಲಸ್ ಬ್ರೆವಿಸ್' ಮತ್ತು 'ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್' ಎನಿಸಿಕೊಂಡವು.

ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ ಹಸಿ ಕೋಸು ಸುಮಾರು 6ರಲ್ಲಿರುತ್ತದೆ. ಪಕ್ವವಾದ ಹುಳಿಗೋಸು 3.5ರ ಆಸುಪಾಸಿಗೆ ಇಳಿದಿರುತ್ತದೆ. ಪಿಎಚ್ 4.6ಕ್ಕಿಂತ ಕೆಳಗೆ 'ಬಾಟ್ಯುಲಿಸಮ್' ಎಂಬ ಮಾರಕ ವಿಷಬಾಧೆಯನ್ನು ಉಂಟುಮಾಡುವ ಬ್ಯಾಕ್ಟೀರಿಯ ಬೆಳೆಯಲಾರದು. ಹುಳಿಯೇ ಇಲ್ಲಿ ಕಾವಲುಗಾರ. ಒಂದೊಂದು ಜೀವಿಯೂ ತನ್ನ ಪಾಲಿನ ಕೆಲಸವನ್ನು ಮುಗಿಸಿ, ಮುಂದಿನದಕ್ಕೆ ನೆಲೆಯನ್ನು ಹದಗೊಳಿಸಿ, ತಾನು ತೆರಳುತ್ತದೆ. ಮನುಷ್ಯನ ಕೆಲಸವೆಂದರೆ ಆ ಸರದಿ ಕೆಡದಂತೆ ನೋಡಿಕೊಳ್ಳುವುದಷ್ಟೆ.

ಕೋಸು ಮತ್ತು ಇಡ್ಲಿ

ಹುಳಿ ಬರುವುದು ಜೀವಿಗಳ ಕಾರ್ಯವೆಂದು ಮೊಟ್ಟಮೊದಲು ಪ್ರಮಾಣಸಹಿತ ಪ್ರತಿಪಾದಿಸಿದವನು ಫ್ರಾನ್ಸಿನ ಲೂಯಿ ಪಾಸ್ತರ್. ಲ್ಯಾಕ್ಟಿಕ್ ಹುದುಗುವಿಕೆಯನ್ನು ಕುರಿತ ಅವನ ಪ್ರಬಂಧ 1857ರದು. ಎಲೆಕೋಸಿನೊಳಗೆ ನಡೆಯುವ ಸರದಿಯನ್ನು ಹಂತಹಂತವಾಗಿ ಪರೀಕ್ಷಿಸಿದವರಲ್ಲಿ ಅಮೆರಿಕದ ಕಾರ್ಲ್ ಪೆಡರ್ಸನ್ ಪ್ರಮುಖರು. ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನಲ್ಲಿರುವ ಕೃಷಿ ಪ್ರಯೋಗಕೇಂದ್ರದಲ್ಲಿ 1930ರ ಸುಮಾರಿನಿಂದ ಅವರು ಈ ವಿಷಯದಲ್ಲಿ ದಶಕಗಳ ಕಾಲ ದುಡಿದರು.

ಕನ್ನಡಿಗರಿಗೆ ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಅದೇ ಪೆಡರ್ಸನ್ ಮತ್ತು ಅವರ ಸಹೋದ್ಯೋಗಿಗಳು 1965ರಲ್ಲಿ ಇಡ್ಲಿಯ ಹಿಟ್ಟನ್ನು ಕುರಿತು ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಅದರ ಮೊದಲ ಲೇಖಕರು ಮುಖರ್ಜಿ ಎಂಬ ವಿಜ್ಞಾನಿ. ಉದ್ದು ಅಕ್ಕಿಗಳನ್ನು ರುಬ್ಬಿಟ್ಟ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬಿ ಬರುವುದು ಯಾತರಿಂದ ಎಂಬುದೇ ಅವರ ಪ್ರಶ್ನೆ. ದೊರೆತ ಉತ್ತರ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್. ಹುಳಿಗೋಸಿನಲ್ಲಿ ಮೊದಲ ಸರದಿ ಹಿಡಿಯುವ ಅದೇ ಬ್ಯಾಕ್ಟೀರಿಯ! ಅದು ಹೊರಡಿಸುವ ಅನಿಲವೇ ಇಡ್ಲಿಯನ್ನು ಹಗುರಾಗಿಸುತ್ತದೆ. ಜರ್ಮನಿಯ ನೆಲಮಾಳಿಗೆಯ ಪೀಪಾಯಿಗೂ ಕನ್ನಡ ನಾಡಿನ ಅಡುಗೆಮನೆಯ ಹಿಟ್ಟಿನ ಪಾತ್ರೆಗೂ ಇರುವ ನಂಟು ಕಲ್ಪನೆಯದಲ್ಲ, ಪ್ರಯೋಗಶಾಲೆಯಲ್ಲಿ ಸಿದ್ಧಪಟ್ಟದ್ದು. ಇಡ್ಲಿಯ ಹಿಟ್ಟನ್ನು ಹದವರಿತು ಹುದುಗಿಸಬಲ್ಲವರು ಹುಳಿಗೋಸಿಗೆ ಹೊಸಬರಲ್ಲ. ವ್ಯತ್ಯಾಸವಿಷ್ಟೆ: ಇಡ್ಲಿಯ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುತ್ತದೆ, ಕೋಸಿನದು ವಾರಗಳನ್ನು ಕೇಳುತ್ತದೆ.

ಮನೆಯಲ್ಲಿ ಮಾಡುವ ಕ್ರಮ

ಬೇಕಾದ ಸಾಮಗ್ರಿಗಳು ಹೀಗಿವೆ: ಗಟ್ಟಿಯಾದ, ತಾಜಾ ಎಲೆಕೋಸು; ಶುದ್ಧವಾದ ಉಪ್ಪು; ಅಗಲ ಬಾಯಿಯ ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿ; ಒಳಗೆ ಹಿಡಿಸುವ ಒಂದು ತಟ್ಟೆ; ಅದರ ಮೇಲಿಡಲು ಭಾರ; ಮತ್ತು ಒಂದು ತಕ್ಕಡಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಮ್ ಪಾತ್ರೆಗಳನ್ನು ಬಳಸಕೂಡದು; ಆಮ್ಲವು ಲೋಹವನ್ನು ತಿಂದು ಆಹಾರಕ್ಕೆ ಬೆರೆಸುತ್ತದೆ. ಭಾರಕ್ಕೆ ಕಲ್ಲನ್ನು ಇಡುವುದಾದರೆ ಸುಣ್ಣಕಲ್ಲು ಸಲ್ಲದು. ಅದು ಆಮ್ಲದಲ್ಲಿ ಕರಗಿ ಹುಳಿಯನ್ನೇ ಕುಂದಿಸುತ್ತದೆ. ಚೆನ್ನಾಗಿ ತೊಳೆದು ಕುದಿಸಿದ ಕರಿಕಲ್ಲಿನ ಗುಂಡು ಆಗಬಹುದು. ನೀರು ತುಂಬಿದ ಗಾಜಿನ ಸೀಸೆ ಇನ್ನೂ ಅನುಕೂಲ.

ಮೇಲಿನ ಬಾಡಿದ ಎಲೆಗಳನ್ನು ತೆಗೆದುಹಾಕಿ, ಕೋಸನ್ನು ತಣ್ಣೀರಿನಲ್ಲಿ ತೊಳೆದು, ನಾಲ್ಕು ಹೋಳು ಮಾಡಿ ನಡುವಿನ ದಿಂಡನ್ನು ಕತ್ತರಿಸಿ ತೆಗೆಯಬೇಕು. ಒಂದೆರಡು ಒಳ್ಳೆಯ ಎಲೆಗಳನ್ನು ಇಡಿಯಾಗಿ ಬೇರೆ ತೆಗೆದಿರಿಸಬೇಕು. ಉಳಿದುದನ್ನು ಎಳೆಎಳೆಯಾಗಿ, ಸಾಧ್ಯವಾದಷ್ಟು ಸಮನಾಗಿ ಹೆಚ್ಚಬೇಕು. ಜರ್ಮನಿಯಲ್ಲಿ ಇದಕ್ಕೆಂದೇ ಓರೆಯಾಗಿ ಅಲಗುಗಳನ್ನು ಕೂರಿಸಿದ ಉದ್ದನೆಯ ಮರದ ಹಲಗೆಯಿರುತ್ತದೆ. ಮನೆಯಲ್ಲಿ ಈಳಿಗೆಮಣೆ ಸಾಕು.

ಹೆಚ್ಚಿದ ಕೋಸನ್ನು ತೂಗಿ, ಆ ತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲು ಉಪ್ಪನ್ನು ಸೇರಿಸಬೇಕು. ಎರಡು ಕಿಲೋಗ್ರಾಂ ಕೋಸಿಗೆ 45 ಗ್ರಾಂ ಉಪ್ಪು ಸರಿಯಾದ ಪ್ರಮಾಣ. ಕಲ್ಲುಪ್ಪಾದರೆ ಪುಡಿಮಾಡಿ ಬಳಸಬೇಕು. ಚಮಚದ ಅಳತೆಯನ್ನು ನಂಬಲಾಗದು. ಪುಡಿಯುಪ್ಪಿಗೂ ಹರಳುಪ್ಪಿಗೂ ಒಂದೇ ಚಮಚದಲ್ಲಿ ತೂಕ ಬೇರೆ ಬೇರೆ. ಈ ಅಡುಗೆಯಲ್ಲಿ ಕೈಯಂದಾಜಿಗೆ ಎಡೆಯಿಲ್ಲದ ಘಟ್ಟ ಇದೊಂದೇ. ಉಪ್ಪು ಕಡಿಮೆಯಾದರೆ ಕೊಳೆಸುವ ಜೀವಿಗಳಿಗೆ ದಾರಿಯಾಗುತ್ತದೆ, ಎಲೆ ಮೆತ್ತಗಾಗುತ್ತದೆ. ಹೆಚ್ಚಾದರೆ ಹಿತಕಾರಿ ಜೀವಿಗಳಿಗೇ ತಡೆಯಾಗಿ ಹುಳಿ ಸರಿಯಾಗಿ ಬರುವುದಿಲ್ಲ.

ಅನಂತರ ಶುಚಿಯಾದ ಕೈಗಳಿಂದ ಕೋಸನ್ನೂ ಉಪ್ಪನ್ನೂ ಚೆನ್ನಾಗಿ ತಿಕ್ಕಿ ಹಿಸುಕಬೇಕು. ಹತ್ತು ಹದಿನೈದು ನಿಮಿಷಗಳಲ್ಲಿ ರಾಶಿ ಕುಗ್ಗಿ ರಸ ಒಸರುತ್ತದೆ. ಬಯಸಿದರೆ ಸ್ವಲ್ಪ ಶಾಹಿಜೀರಿಗೆಯನ್ನು ಸೇರಿಸಬಹುದು. ಜರ್ಮನಿಯಲ್ಲಿ ಈ ರೂಢಿಯುಂಟು. ಕೋಸನ್ನು ಸ್ವಲ್ಪ ಸ್ವಲ್ಪವಾಗಿ ಭರಣಿಗೆ ಹಾಕುತ್ತ, ನಡುವೆ ಗಾಳಿ ಉಳಿಯದಂತೆ ಮುಷ್ಟಿಯಿಂದಲೋ ಮರದ ಕಡೆಗೋಲಿನ ಹಿಡಿಯಿಂದಲೋ ಒತ್ತಬೇಕು. ಭರಣಿಯನ್ನು ಕಂಠದವರೆಗೆ ತುಂಬಬಾರದು. ಹುದುಗುವಾಗ ರಸ ಮೇಲೇರುವುದರಿಂದ ನಾಲ್ಕೈದು ಅಂಗುಲ ಜಾಗ ಬಿಡಬೇಕು. ಮೇಲೆ ಇಡಿಯ ಎಲೆಗಳನ್ನು ಹೊದಿಸಿ, ತಟ್ಟೆಯನ್ನಿಟ್ಟು, ಭಾರ ಹೇರಬೇಕು. ರಸವು ಕೋಸಿನ ಮೇಲೆ ಎರಡು ಬೆರಳಷ್ಟಾದರೂ ನಿಂತಿರಬೇಕು. ಮರುದಿನದವರೆಗೂ ಅಷ್ಟು ರಸ ಬಾರದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು ಕರಗಿಸಿ ಬೇಕಾದಷ್ಟನ್ನು ಸುರಿಯಬಹುದು. ಭರಣಿಯ ಬಾಯಿಗೆ ಶುಭ್ರವಾದ ಬಟ್ಟೆಯನ್ನು ಕಟ್ಟಬೇಕು. ಮುಚ್ಚಳ ಬಳಸುವುದಾದರೆ ಸಡಿಲವಾಗಿರಲಿ. ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿ ಒಳಗಿನ ಅನಿಲದ ಒತ್ತಡದಿಂದ ಒಡೆಯುವ ಭಯವಿದೆ.

ಶಾಖದ ಮಾತು

ಈ ಕೆಲಸಕ್ಕೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಶಾಖ ಪ್ರಶಸ್ತ. 21ರಿಂದ 24 ಡಿಗ್ರಿಯಲ್ಲಿ ಮೂರು ನಾಲ್ಕು ವಾರಗಳಲ್ಲಿ ಹುಳಿಗೋಸು ಪಕ್ವವಾಗುತ್ತದೆ. 16ರಿಂದ 18 ಡಿಗ್ರಿಯಲ್ಲಿ ಐದಾರು ವಾರಗಳು ಬೇಕು. ಜರ್ಮನಿಯ ತಂಪಾದ ನೆಲಮಾಳಿಗೆಗೆ ಹೊಂದಿ ಬೆಳೆದ ಈ ವಿದ್ಯೆ ಕರ್ನಾಟಕದ ಬೇಸಗೆಗೆ ಒಗ್ಗುವುದಿಲ್ಲ. ಶಾಖ ಹೆಚ್ಚಿದಾಗ ಲ್ಯೂಕೊನಾಸ್ಟಾಕಿನ ಸರದಿ ಬೇಗನೆ ಮುಗಿದುಹೋಗುತ್ತದೆ; ಅನಂತರದವು ಮುನ್ನುಗ್ಗುತ್ತವೆ. ಹುಳಿ ಬರುತ್ತದಾದರೂ ಪರಿಮಳ ಬಾರದು, ಎಲೆ ಮೆತ್ತಗಾಗುತ್ತದೆ. ಆದ್ದರಿಂದ ಈ ನಾಡಿನಲ್ಲಿ ಕೋಸು ಹುದುಗಿಸಲು ಡಿಸೆಂಬರ್, ಜನವರಿ ತಿಂಗಳುಗಳೇ ತಕ್ಕವು. ಆಗ ಕೋಸೂ ಗಟ್ಟಿಯಾಗಿರುತ್ತದೆ. ಭರಣಿಯನ್ನು ಒಲೆಯಿಂದ ದೂರ, ಬಿಸಿಲು ಬೀಳದ ಮೂಲೆಯಲ್ಲಿ, ನೀರು ತುಂಬಿದ ಅಗಲ ಬೋಗುಣಿಯಲ್ಲಿ ಇರಿಸಿ, ಹೊರಮೈಗೆ ಒದ್ದೆ ಬಟ್ಟೆ ಸುತ್ತಿದರೆ ತಂಪು ಉಳಿಯುತ್ತದೆ. ಒಂದು ವಾರದ ಮೇಲೆ ಆಗಾಗ ರುಚಿ ನೋಡುತ್ತಿದ್ದು, ಹುಳಿ ನಾಲಿಗೆಗೆ ಹಿತವೆನಿಸಿದಾಗ ಸಣ್ಣ ಜಾಡಿಗಳಿಗೆ ತುಂಬಿ ರೆಫ್ರಿಜರೇಟರಿನಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕೆಡುಕಿನ ಗುರುತುಗಳು

ಕೆಲವು ದಿನಗಳ ಮೇಲೆ ರಸದ ಮೇಲ್ಭಾಗದಲ್ಲಿ ತೆಳುವಾದ ಬಿಳಿಯ ಕೆನೆ ಕಟ್ಟುವುದುಂಟು. ಇದು ಗಾಳಿ ತಗುಲಿದಲ್ಲಿ ಬೆಳೆಯುವ ಒಂದು ಬಗೆಯ ಯೀಸ್ಟ್; ಅಪಾಯಕಾರಿಯಲ್ಲ. ಆದರೆ ಅದು ಆಮ್ಲವನ್ನು ತಿನ್ನುವುದರಿಂದ ದಿನವೂ ತೆಗೆದುಹಾಕಿ, ತಟ್ಟೆಯನ್ನೂ ಭಾರವನ್ನೂ ಬಿಸಿನೀರಿನಲ್ಲಿ ತೊಳೆದಿಡಬೇಕು. ಕೋಸು ಕೆಂಪಡರಿದರೆ ಉಪ್ಪು ಹೆಚ್ಚಾಗಿದೆ ಅಥವಾ ಸಮನಾಗಿ ಬೆರೆತಿಲ್ಲವೆಂದು ತಿಳಿಯಬೇಕು. ಮೇಲಿನ ಪದರ ಕಂದಿದರೆ ಅದು ರಸದಿಂದ ಹೊರಗೆ ಉಳಿದಿತ್ತೆಂದು ಅರ್ಥ. ಹಸಿರು, ಕಪ್ಪು ಇತ್ಯಾದಿ ಬಣ್ಣದ ಉಣ್ಣೆಯಂತಹ ಬೂಷ್ಟು ಬೆಳೆದಿದ್ದರೆ, ಕೋಸು ಲೋಳೆಯಾಗಿದ್ದರೆ ಅಥವಾ ಕೊಳೆತ ದುರ್ನಾತ ಬರುತ್ತಿದ್ದರೆ ಇಡೀ ಭರಣಿಯನ್ನು ಚೆಲ್ಲತಕ್ಕದ್ದು. ರುಚಿ ನೋಡುವ ಗೋಜಿಗೂ ಹೋಗಬಾರದು. ಎರಡು ಕಿಲೋಗ್ರಾಂ ಕೋಸಿನ ಬೆಲೆಗಿಂತ ಮನೆಯವರ ಆರೋಗ್ಯ ದೊಡ್ಡದು. ಹದವಾದ ಹುಳಿಗೋಸು ನಸುಹಳದಿಯಾಗಿ, ಹಲ್ಲಿಗೆ ಗರಿಗರಿಯಾಗಿ, ಮೂಗಿಗೆ ಚೊಕ್ಕವಾದ ಹುಳಿವಾಸನೆಯಾಗಿರುತ್ತದೆ.

ತರಗತಿಯಲ್ಲಿ ಒಂದು ಭರಣಿ

ವಿಜ್ಞಾನದ ಅಧ್ಯಾಪಕರಿಗೆ ಇದೊಂದು ಅಗ್ಗದ ಪ್ರಯೋಗಶಾಲೆ. ಭರಣಿಯ ರಸವನ್ನು ದಿನವೂ ಒಂದು ಹನಿ ತೆಗೆದು ಪಿಎಚ್ ಕಾಗದದಿಂದ ಪರೀಕ್ಷಿಸಿ, ವಿದ್ಯಾರ್ಥಿಗಳಿಂದ ನಕ್ಷೆ ಬರೆಯಿಸಬಹುದು. ಮೊದಲ ದಿನಗಳಲ್ಲಿ ಹೊರಡುವ ಅನಿಲವನ್ನು ಕೊಳವೆಯ ಮೂಲಕ ತಿಳಿ ಸುಣ್ಣದ ನೀರಿಗೆ ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗಿ, ಇಂಗಾಲದ ಡೈಆಕ್ಸೈಡೆಂಬುದು ಖಚಿತವಾಗುತ್ತದೆ. ನೇರಳೆ ಬಣ್ಣದ ಕೋಸು ಸಿಕ್ಕಿದರೆ ಕಾಗದವೂ ಬೇಡ. ಆ ಕೋಸಿನ ಬಣ್ಣವೇ ಆಮ್ಲಸೂಚಕ. ಹುಳಿ ಏರಿದಂತೆಲ್ಲ ಮಂಕಾದ ನೇರಳೆ ಬಣ್ಣವು ಉಜ್ವಲವಾದ ಗುಲಾಬಿಗೆಂಪಿಗೆ ತಿರುಗುತ್ತದೆ. ಒಂದು ಪಾತ್ರೆಯಲ್ಲಿ ಸರಿಯಾದ ಉಪ್ಪು, ಇನ್ನೊಂದರಲ್ಲಿ ಉಪ್ಪಿಲ್ಲದೆ, ಹೀಗೆ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ಹತ್ತು ದಿನ ನೋಡಿದ ಮಗುವು ಉಪ್ಪಿನ ಮಹತ್ವವನ್ನು ಮರೆಯಲಾರದು. ಪ್ರಯೋಗಕ್ಕಿಟ್ಟ ಈ ಕೋಸನ್ನು ತಿನ್ನಲು ಕೊಡಬಾರದೆಂಬುದನ್ನು ಹೇಳಬೇಕಾಗಿಲ್ಲ.

ಬಳಕೆ ಮತ್ತು ಮಿತಿ

ಜರ್ಮನಿಯಲ್ಲಿ ಹುಳಿಗೋಸನ್ನು ಬಹುತೇಕ ಬೇಯಿಸಿ, ಮಾಂಸದ ಜೊತೆಗೂ ಆಲೂಗೆಡ್ಡೆಯ ಜೊತೆಗೂ ಬಡಿಸುತ್ತಾರೆ. ಬೇಯಿಸಿದಾಗ ಬ್ಯಾಕ್ಟೀರಿಯಗಳು ಸಾಯುತ್ತವೆ, ಜೀವಸತ್ವವೂ ಕುಗ್ಗುತ್ತದೆ. ಹಸಿಯಾಗಿ, ಈರುಳ್ಳಿ ಮತ್ತು ಸ್ವಲ್ಪ ಎಣ್ಣೆ ಬೆರೆಸಿ ಕೋಸಂಬರಿಯಂತೆ ತಿಂದರೆ ಅದರ ಗುಣ ಹೆಚ್ಚು ಉಳಿಯುತ್ತದೆ. ಬಿಸಿ ರೊಟ್ಟಿಯ ಮಗ್ಗುಲಲ್ಲಿ ಅದು ಪರಕೀಯವಾಗಿ ತೋರದು.

ಮಿತಿಯೂ ಅವಶ್ಯ. ನೂರು ಗ್ರಾಂ ಹುಳಿಗೋಸಿನಲ್ಲಿ ಎರಡು ಗ್ರಾಂಗಳಷ್ಟು ಉಪ್ಪಿರುತ್ತದೆ. ಪ್ರೌಢ ವಯಸ್ಕರು ದಿನಕ್ಕೆ ಒಟ್ಟು ಐದು ಗ್ರಾಂಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡವುಳ್ಳವರು ಇದನ್ನು ನೆನಪಿನಲ್ಲಿಡಬೇಕು. ಹುಳಿಗೋಸು ಸರ್ವರೋಗಗಳಿಗೆ ಮದ್ದೆಂದು ಹೇಳುವವರಿದ್ದಾರೆ. ಅದು ಮದ್ದಲ್ಲ, ಒಳ್ಳೆಯ ಆಹಾರ. ಆಹಾರವಾಗಿಯೇ ಅದು ಹಡಗಿನ ನಾವಿಕರನ್ನು ಉಳಿಸಿತು.

ಉಪಸಂಹಾರ

ಬೇಗ ಆಗುವುದೇ ಅಡುಗೆಯ ಮೊದಲ ಗುಣವೆಂದು ಎಣಿಸುವ ಕಾಲವಿದು. ಹುಳಿಗೋಸನ್ನು ಅವಸರಪಡಿಸಲು ಬರುವುದಿಲ್ಲ. ಉರಿ ಹೆಚ್ಚಿಸಲು ಇಲ್ಲಿ ಒಲೆಯಿಲ್ಲ. ಶಾಖ ಹೆಚ್ಚಿಸಿದರೆ ಕೆಲಸವೇ ಕೆಡುತ್ತದೆ. ಕೋಸು ಹೊಲದ್ದು, ಉಪ್ಪು ಕಡಲಿನದು, ಹುಳಿ ಕಣ್ಣಿಗೆ ಕಾಣದ ಜೀವಿಗಳದು. ಸರಿಯಾಗಿ ತೂಗುವುದು, ಶುಚಿಯಾಗಿರುವುದು, ಎಲೆಯೊಂದೂ ರಸದ ಮೇಲೆ ಏಳದಂತೆ ದಿನಕ್ಕೊಮ್ಮೆ ನೋಡುವುದು, ಕಾಯುವುದು, ಇಷ್ಟೇ ಮನುಷ್ಯನ ಪಾಲು. ಈ ಅಲ್ಪ ಪಾಲನ್ನು ಶ್ರದ್ಧೆಯಿಂದ ನೆರವೇರಿಸಿದ ಮನೆಗಳಲ್ಲಿ ಚಳಿಗಾಲ ಹಸಿರಿಲ್ಲದೆ ಕಳೆಯಲಿಲ್ಲ.